ಫ್ರೀಟೌನ್‌ನಿಂದ ಒಂದು ಪ್ರಶ್ನೆ: ಯುದ್ಧದ ವಿಷಯ ಕೇಳಬೇಕೋ, ಸುಮ್ನಿರಬೇಕೋ?

ಲೆಕ್ಕದ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವವನೇ ಹೊರತು ಬರೆಯುವವನಲ್ಲ. ಇವತ್ತು ಬೇರೆ ದಾರಿ ಇಲ್ಲದೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ನಾನಿರುವುದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ಫ್ರೀಟೌನ್‌ನಲ್ಲಿ. ಬೈಕ್ ಮತ್ತು ಆಟೋ ಬಿಡಿಭಾಗ ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಇಲ್ಲಿ ಆಟೋಗೆ 'ಕೆಕೆ' ಅನ್ನುತ್ತಾರೆ, ಬಾಡಿಗೆ ಬೈಕಿಗೆ 'ಒಕಾಡಾ'. ರಸ್ತೆಗೆ ಇಳಿದರೆ ಬಜಾಜ್, ಟಿವಿಎಸ್ ಹೆಸರುಗಳೇ ಕಣ್ಣಿಗೆ ಬೀಳುತ್ತವೆ. ಬಂದ ಹೊಸತರಲ್ಲಿ ಅದನ್ನು ನೋಡಿಯೇ ಅರ್ಧ ಊರಿನ ನೆನಪು ಕಡಿಮೆಯಾಗಿತ್ತು.

ಅಂಗಡಿಯ ಹಿಂದೆಯೇ ನಮ್ಮ ವಾಸ. ನಾವು ಮೂವರು ಇಂಡಿಯನ್ನರು ಮಹಡಿಯಲ್ಲಿ. ಕೆಳಗೆ ಒಂದು ಕೋಣೆಯಲ್ಲಿ ನಮ್ಮ ಮೆಕ್ಯಾನಿಕ್. ವಯಸ್ಸು ನಲವತ್ತರ ಹತ್ತಿರ. ಮಾತು ಕಡಿಮೆ. ಚೈನು, ಸ್ಪ್ರಾಕೆಟ್ ಕೈಗೆ ಕೊಟ್ಟರೆ ಕಣ್ಣು ಮುಚ್ಚಿಕೊಂಡು ಕೂರಿಸುತ್ತಾನೆ. ಅಡುಗೆಗೆ ಬರುವವರು ಒಬ್ಬ ಆಂಟಿ. ಇಲ್ಲೂ ದೊಡ್ಡ ಹೆಂಗಸರನ್ನು ಆಂಟಿ ಅಂತಲೇ ಕರೆಯುವುದು. ಅವರು ಪೂರ್ವದ ಕೈಲಾಹುನ್ ಜಿಲ್ಲೆಯವರು. ಮರಗೆಣಸಿನ ಸೊಪ್ಪನ್ನು ಕುಟ್ಟಿ, ತಾಳೆ ಎಣ್ಣೆ ಹಾಕಿ ಸಾರು ಮಾಡುತ್ತಾರೆ. ಜೊತೆಗೆ ಅನ್ನ. ಅನ್ನ ಉಣ್ಣದಿದ್ದರೆ ಇಲ್ಲಿನವರ ಲೆಕ್ಕದಲ್ಲಿ ಅವತ್ತು ಊಟವೇ ಆಗಿಲ್ಲ. ಆ ವಿಷಯದಲ್ಲಿ ನಾವು ಅಣ್ಣತಮ್ಮಂದಿರು.

ವಿಷಯಕ್ಕೆ ಬರುತ್ತೇನೆ. 2023ರ ನವೆಂಬರ್ 26, ಭಾನುವಾರ. ಬೆಳಗಿನ ಜಾವ ಗುಂಡಿನ ಶಬ್ದ ಶುರುವಾಯಿತು. ವಿಲ್ಬರ್‌ಫೋರ್ಸ್ ಅನ್ನುವ ಕಡೆ ಸೇನೆಯ ಬ್ಯಾರಕ್ ಇದೆ, ಅಲ್ಲಿನ ಮದ್ದುಗುಂಡಿನ ಮನೆಗೆ ಯಾರೋ ನುಗ್ಗಿದ್ದರು. ಆಮೇಲೆ ಪಾಡೆಂಬಾ ರಸ್ತೆಯ ಜೈಲು ಒಡೆದು ಸುಮಾರು ಎರಡು ಸಾವಿರ ಕೈದಿಗಳು ಹೊರಗೆ ಬಂದರು. ದೇಶದ ತುಂಬ ಕರ್ಫ್ಯೂ. ಇದೆಲ್ಲ ನಮಗೆ ಗೊತ್ತಾಗಿದ್ದು ಮಧ್ಯಾಹ್ನದ ಮೇಲೆ. ಆ ಹೊತ್ತಿನಲ್ಲಿ ನಮಗೆ ಗೊತ್ತಿದ್ದದ್ದು ಶಬ್ದ ಮಾತ್ರ. ನಾನಂತೂ ಕಿಟಕಿ ತೆಗೆದು ಬಗ್ಗಿ ನೋಡುತ್ತಿದ್ದೆ. ದೀಪಾವಳಿ ಪಟಾಕಿ ನೋಡುವವನ ಹಾಗೆ.

ಮೆಕ್ಯಾನಿಕ್ ಮೇಲೆ ಬಂದ. ನನ್ನ ಅಂಗಿ ಹಿಡಿದು ಒಳಗೆ ಎಳೆದ. ಲೈಟ್ ಆರಿಸಿದ. ಕಿಟಕಿ ಇಲ್ಲದ ನಡುಮನೆಯಲ್ಲಿ ನಮ್ಮನ್ನು ನೆಲದ ಮೇಲೆ ಮಲಗಿಸಿದ. ಎಲ್ಲ ಬಕೆಟ್, ಪಾತ್ರೆಗಳಿಗೆ ನೀರು ತುಂಬಿಸಿದ. ನಮ್ಮ ಪಾಸ್‌ಪೋರ್ಟ್ ತಂದು ನಮ್ಮ ಬನಿಯನ್ ಒಳಗೆ ಇರಿಸಿದ. ಒಂದು ಕ್ಷಣವೂ ಕೈ ನಡುಗಲಿಲ್ಲ. ದೂರದಲ್ಲಿ ಒಂದೊಂದು ಸದ್ದು ಕೇಳಿದಾಗಲೂ ಅದು ಯಾವ ಬಂದೂಕು ಅಂತ ಪಿಸುಗುಟ್ಟುತ್ತಿದ್ದ. ಮೂರನೇ ಸಲ ಹೇಳಿದ ಮೇಲೆ ತಾನೇ ಬಾಯಿ ಮುಚ್ಚಿಕೊಂಡ. ನನ್ನ ಮುಖ ನೋಡಿದ, ಬೇರೆ ಕಡೆ ತಿರುಗಿದ.

ಲೆಕ್ಕ ಬರೆಯುವವನಿಗೆ ಕೂಡಿಸುವುದು, ಕಳೆಯುವುದು ತಾನಾಗಿಯೇ ಆಗಿಹೋಗುತ್ತದೆ. ಈಗ ನಲವತ್ತರ ಹತ್ತಿರ ಅಂದರೆ ಇಲ್ಲಿನ ಅಂತರ್ಯುದ್ಧದಲ್ಲಿ ಬಂಡುಕೋರರು ಫ್ರೀಟೌನ್‌ಗೆ ನುಗ್ಗಿದ 1999ರ ಜನವರಿಯಲ್ಲಿ ಅವನಿಗೆ ಹನ್ನೆರಡೋ ಹದಿಮೂರೋ. ಆಮೇಲೆ ಒಬ್ಬ ಹಳೇ ಒಕಾಡಾ ಗಿರಾಕಿ ಮಾತಿನ ನಡುವೆ ಹೇಳಿಯೂಬಿಟ್ಟ: ಮೆಕ್ಯಾನಿಕ್ ಆ ಬಂಡುಕೋರರ ಕಡೆಯವನಾಗಿದ್ದ, ಚಿಕ್ಕವನಿದ್ದಾಗ ಹಿಡಿದುಕೊಂಡು ಹೋಗಿದ್ದರು ಅಂತ.

ಆಂಟಿಯ ತಮ್ಮ ಯುದ್ಧದಲ್ಲಿ ಸತ್ತಿದ್ದು ನನಗೆ ಮೊದಲೇ ಗೊತ್ತಿತ್ತು. ಆ ಆಂಟಿ ದಿನವೂ ಮೊದಲ ತಟ್ಟೆ ಬಡಿಸುವುದು ಇದೇ ಮೆಕ್ಯಾನಿಕ್‌ಗೆ.

ನನ್ನ ಪ್ರಶ್ನೆ ಇಷ್ಟೇ. ಇವನ ವಿಷಯ ಅವರಿಗೆ ಗೊತ್ತಿರಬಹುದಾ? ನಾನು ಕೇಳಬೇಕಾ, ಸುಮ್ನಿರಬೇಕಾ? ಅವನು ಒಂದು ಸಲ ಬಾಯಿ ಬಿಟ್ಟು ಹೇಳಿಕೊಂಡರೆ ಹಗುರಾಗುತ್ತಾನೆ ಅಂತ ನನ್ನ ರೂಮ್‌ಮೇಟ್ ಹೇಳುತ್ತಾನೆ. ಯುದ್ಧ ಮುಗಿದ ದೇಶಗಳ ಬಗ್ಗೆ ದೊಡ್ಡವರು ಸಂಶೋಧನೆ ಮಾಡಿರುತ್ತಾರಲ್ಲ, ಅವರೇನು ಹೇಳುತ್ತಾರೆ? ಯಾರಾದರೂ ಓದಿದವರು ಇದ್ದರೆ ತಿಳಿಸಿ.

ನೇರನುಡಿ

ನಿಮಗೆ ಯಾಕೆ ಬೇಕು ಸ್ವಾಮಿ? ಸಂಬಳ ತಗೊಳ್ಳಿ, ಊಟ ಮಾಡಿ, ಬನ್ನಿ.

ಅದಿರಲಿ, ಆ ಯುದ್ಧದಲ್ಲಿ ಜನರ ಕೈ ಕಡಿದವರೆಲ್ಲ ಈಗ ಬೈಕ್ ರಿಪೇರಿ ಮಾಡಿಕೊಂಡು ಆರಾಮಾಗಿದ್ದಾರೆ ಅಂದರೆ ಅಲ್ಲಿ ಕೋರ್ಟು, ಕಾನೂನು ಏನೂ ಇರಲಿಲ್ಲವಾ? ಎಲ್ಲರನ್ನೂ ಒಳಗೆ ಹಾಕಬೇಕಿತ್ತು. ನಮ್ಮ ಸೈನ್ಯ ಹೋಗಿ ಎರಡೇ ದಿನದಲ್ಲಿ ಯುದ್ಧ ಮುಗಿಸಿತ್ತು ಅಂತ ಎಲ್ಲೋ ಓದಿದ ನೆನಪು.

ನಿವೃತ್ತ_ಸುಬೇದಾರ್

ನೇರನುಡಿ ಅವರೇ, ತಿದ್ದುವುದಕ್ಕೆ ಕ್ಷಮೆ ಇರಲಿ. ನಾವು ಯುದ್ಧ ಮುಗಿಸಲಿಲ್ಲ. ನಾನು 2000ದಲ್ಲಿ ಅಲ್ಲೇ ಇದ್ದೆ. ದಾರು ಅನ್ನುವ ಊರು. ಸಿಗ್ನಲ್ಸ್‌ನವನು ನಾನು.

ಆಗಿದ್ದು ಹೀಗೆ. ಆ ವರ್ಷ ಮೇ ತಿಂಗಳಲ್ಲಿ ಬಂಡುಕೋರರು ವಿಶ್ವಸಂಸ್ಥೆಯ ಸುಮಾರು 500 ಜನ ಶಾಂತಿಪಾಲಕರನ್ನು ಹಿಡಿದಿಟ್ಟರು. ಕೈಲಾಹುನ್‌ನಲ್ಲಿ ನಮ್ಮ ಗೂರ್ಖಾ ರೈಫಲ್ಸ್‌ನ ಎರಡು ಕಂಪನಿ ಇದ್ದವು. ಅವರ ಸುತ್ತ ಮುತ್ತಿಗೆ. ಎರಡು ತಿಂಗಳಿಗೂ ಜಾಸ್ತಿ. ಮಾತುಕತೆ ಆಯಿತು, ಕಾದಿದ್ದಾಯಿತು. ಜುಲೈ 15ಕ್ಕೆ ಆಪರೇಷನ್ ಖುಕ್ರಿ. ಮಳೆಗಾಲ, ಮಂಜು, ರಸ್ತೆಯ ತುಂಬ ಕೆಸರು. ಮಾರನೇ ದಿನ ನಮ್ಮವರು ದಾರು ತಲುಪಿದರು. ನೀವು ಓದಿದ ಎರಡು ದಿನ ಇದೇ. ನಮ್ಮವರನ್ನು ಬಿಡಿಸಿಕೊಂಡು ಬಂದೆವು, ಅಷ್ಟೇ. ಮುಂದಿನ ವರ್ಷದ ಹೊತ್ತಿಗೆ ನಮ್ಮ ಪಡೆ ವಾಪಸ್ಸಾಗಿತ್ತು. ಯುದ್ಧ ಮುಗಿಯಿತು ಅಂತ ಘೋಷಣೆಯಾಗಿದ್ದು 2002ರ ಜನವರಿಯಲ್ಲಿ. ಆಯುಧ ಕೆಳಗಿಡಿಸುವ ಬೇಸರದ ಕೆಲಸ ಮಾಡಿದವರು ಬೇರೆ ಬೇರೆ ದೇಶದವರು.

ಇನ್ನು 'ಕೈ ಕಡಿದವರು' ಅಂತ ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ. ಚೆಕ್‌ಪೋಸ್ಟ್ ಹತ್ತಿರ ಬರುತ್ತಿದ್ದ ಹುಡುಗರನ್ನು ನಾನು ನೋಡಿದ್ದೇನೆ. ಬಂದೂಕು ಹೆಗಲಿಗೆ ಹಾಕಿಕೊಂಡರೆ ಅದರ ಹಿಡಿ ಮೊಣಕಾಲಿಗೆ ಬಡಿಯುತ್ತಿತ್ತು. ಒಬ್ಬ ದಿನವೂ ಬಿಸ್ಕತ್ ಕೇಳುತ್ತಿದ್ದ. ಬಿಸ್ಕತ್ ಕೊಟ್ಟರೆ ನಗುತ್ತಿದ್ದ, ಕೊಡದಿದ್ದರೆ ಬಂದೂಕು ತಿರುಗಿಸುತ್ತಿದ್ದ. ನನ್ನ ಮಗನಿಗೂ ಆಗ ಅದೇ ವಯಸ್ಸು. ಮುತ್ತಿಗೆ ಶುರುವಾದ ಮೇಲೆ ಅವನು ಬರಲಿಲ್ಲ.

ಲೆಕ್ಕದ ಹುಡುಗ, ಆ ಮೆಕ್ಯಾನಿಕ್‌ನ ಕೈಗೆ ನಿಮ್ಮ ಪಾಸ್‌ಪೋರ್ಟ್ ಬಂದಿತ್ತು, ಅವನು ಅದನ್ನು ನಿಮ್ಮ ಬನಿಯನ್ ಒಳಗೆ ಇಟ್ಟ. ನನಗೆ ಅಷ್ಟು ಸಾಕು.

ಸರ್ವೇ_ಅಕ್ಕ

ನಾನು ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಸಿಯೆರಾ ಲಿಯೋನ್ ಬಗ್ಗೆ ಓದಿರುವುದು ಜಾಸ್ತಿ, ಹೋಗಿಲ್ಲ. ಹಾಗಾಗಿ ನನ್ನ ಮಾತಿಗಿಂತ ಸುಬೇದಾರ್ ಸರ್ ಮಾತಿಗೆ ತೂಕ ಜಾಸ್ತಿ ಕೊಡಿ.

ಮೊದಲು ನೇರನುಡಿ ಅವರ ಕೋರ್ಟಿನ ಪ್ರಶ್ನೆ. ಕೋರ್ಟು ಇತ್ತು. ವಿಶ್ವಸಂಸ್ಥೆ ಮತ್ತು ಅಲ್ಲಿನ ಸರ್ಕಾರ ಸೇರಿ 2002ರಲ್ಲಿ ವಿಶೇಷ ನ್ಯಾಯಾಲಯ ಮಾಡಿದವು. ಆರೋಪ ಹೊರಿಸಿದ್ದು 13 ಜನರ ಮೇಲೆ, ಶಿಕ್ಷೆ ಆಗಿದ್ದು 9 ಜನರಿಗೆ. ಅದರಲ್ಲಿ ಒಬ್ಬ ಪಕ್ಕದ ಲೈಬೀರಿಯಾದ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಟೇಲರ್. ಅವನಿಗೆ 2012ರಲ್ಲಿ 50 ವರ್ಷ ಜೈಲು. ಬಂಡುಕೋರರ ನಾಯಕ ಫೊಡೇ ಸಂಕೋ ವಿಚಾರಣೆ ಮುಗಿಯುವ ಮೊದಲೇ 2003ರಲ್ಲಿ ಸತ್ತ. ತಮಾಷೆ ನೋಡಿ, 1999ರ ಲೋಮೆ ಶಾಂತಿ ಒಪ್ಪಂದದಲ್ಲಿ ಇದೇ ಸಂಕೋಗೆ ಕ್ಷಮಾದಾನದ ಜೊತೆ ಉಪಾಧ್ಯಕ್ಷನ ದರ್ಜೆಯನ್ನೂ, ಖನಿಜಗಳ ಮಂಡಳಿಯ ಅಧ್ಯಕ್ಷಗಿರಿಯನ್ನೂ ಕೊಟ್ಟಿದ್ದರು. ವಜ್ರಕ್ಕಾಗಿ ಹೊಡೆದಾಡಿದವನ ಕೈಗೇ ವಜ್ರದ ಕೀಲಿ.

ಆದರೆ ಆಯುಧ ಕೆಳಗಿಟ್ಟವರು 72,000ಕ್ಕೂ ಹೆಚ್ಚು. ಅಷ್ಟು ಜನರನ್ನು ಒಳಗೆ ಹಾಕುವ ಜೈಲು ಎಲ್ಲಿದೆ? ಅದರಲ್ಲಿ ಮಕ್ಕಳೇ ಸಾವಿರಾರು. ಹೆಂಗಸರು ನೂರಕ್ಕೆ ಏಳಕ್ಕಿಂತ ಕಡಿಮೆ. ಹೆಂಗಸರು ಆ ಗುಂಪುಗಳಲ್ಲಿ ಇರಲಿಲ್ಲ ಅಂತಲ್ಲ. ಶುರುವಿನಲ್ಲಿ ಬಂದೂಕು ತಂದು ಒಪ್ಪಿಸಿದವರಿಗೆ ಮಾತ್ರ ಹೆಸರು ಬರೆಸಲು ಅವಕಾಶ ಇತ್ತು. ಅಡುಗೆ ಮಾಡಲು, ಹೊರೆ ಹೊರಲು, ಬಲವಂತದ ಹೆಂಡತಿಯಾಗಲು ಹೊತ್ತೊಯ್ದ ಹುಡುಗಿಯರ ಕೈಯಲ್ಲಿ ಬಂದೂಕು ಎಲ್ಲಿಂದ ಬರಬೇಕು? ಅವರಲ್ಲಿ ತುಂಬಾ ಜನ ಯಾವ ಪಟ್ಟಿಗೂ ಸೇರದೆ ಸುಮ್ಮನೆ ಮನೆಗೆ ನಡೆದುಕೊಂಡು ಹೋದರು. ಆ ಬಲವಂತದ ಮದುವೆಯನ್ನೇ ಒಂದು ಪ್ರತ್ಯೇಕ ಅಪರಾಧ ಅಂತ ಮುಂದೆ ಇದೇ ನ್ಯಾಯಾಲಯ ಗುರುತಿಸಿತು. ಅದು ದೊಡ್ಡ ಹೆಜ್ಜೆ, ಒಪ್ಪುತ್ತೇನೆ.

ಈಗ ಲೆಕ್ಕದ ಹುಡುಗನ ಪ್ರಶ್ನೆ. ಹೇಳಿಕೊಂಡರೆ ಹಗುರಾಗುತ್ತದಾ? ಇದನ್ನು ಅಲ್ಲೇ, ಸಿಯೆರಾ ಲಿಯೋನ್‌ನ ಹಳ್ಳಿಗಳಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ.

ಅಲ್ಲಿ 'ಫಂಬುಲ್ ಟಾಕ್' ಅಂತ ಒಂದು ಸಂಸ್ಥೆ ಇದೆ. ಅಲ್ಲಿನ ಕ್ರಿಯೋ ಭಾಷೆಯಲ್ಲಿ ಮನೆಮಂದಿಯ ಮಾತುಕತೆ ಅಂತ ಅರ್ಥ. 2008ರಲ್ಲಿ ಕೈಲಾಹುನ್‌ನಿಂದಲೇ ಶುರು ಮಾಡಿದರು. ರಾತ್ರಿ ಊರಿನ ನಡುವೆ ಬೆಂಕಿ ಹಾಕುತ್ತಾರೆ. ನೋವು ಉಂಡವರು ಎದ್ದು ನಿಂತು ಹೇಳುತ್ತಾರೆ. ಮಾಡಿದವನು ಅದೇ ಊರಿನವನಾಗಿದ್ದರೆ ಎದ್ದು ಬಂದು ತಪ್ಪೊಪ್ಪಿಕೊಳ್ಳುತ್ತಾನೆ, ಕ್ಷಮೆ ಕೇಳುತ್ತಾನೆ. ಬೆಳಿಗ್ಗೆ ಹಿರಿಯರಿಗೆ ಎಡೆ, ಶುದ್ಧಿ. ದುಡ್ಡು ಯಾರಿಗೂ ಇಲ್ಲ.

ಜೇಕಬಸ್ ಸಿಲಿಯರ್ಸ್, ಒಯೆಂದ್ರಿಲಾ ದುಬೆ, ಬಿಲಾಲ್ ಸಿದ್ದಿಕಿ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು 200 ಹಳ್ಳಿ ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧ ಹಳ್ಳಿಗಳಲ್ಲಿ ಈ ಕಾರ್ಯಕ್ರಮ, ಅರ್ಧ ಹಳ್ಳಿಗಳಲ್ಲಿ ಇಲ್ಲ. ಒಟ್ಟು 2,383 ಜನರನ್ನು ಮಾತಾಡಿಸಿದರು. ಒಂಬತ್ತು ತಿಂಗಳಿಗೆ ಒಮ್ಮೆ, ಮೂವತ್ತೊಂದು ತಿಂಗಳಿಗೆ ಇನ್ನೊಮ್ಮೆ. 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಕಾರ್ಯಕ್ರಮ ನಡೆದ ಹಳ್ಳಿಗಳಲ್ಲಿ ಕ್ಷಮಿಸಿದವರು ಜಾಸ್ತಿ. ಹಿಂದೆ ಬಂದೂಕು ಹಿಡಿದವರ ಮೇಲೆ ನಂಬಿಕೆ ಜಾಸ್ತಿ. ಗೆಳೆತನ ಜಾಸ್ತಿ. ಶಾಲೆಗೋ ಆಸ್ಪತ್ರೆಗೋ ಊರವರು ಕೈಯಿಂದ ಹಾಕುವ ದುಡ್ಡು, ಬೆವರು ಜಾಸ್ತಿ. ಇಲ್ಲಿಗೆ ನಿಲ್ಲಿಸಿದ್ದರೆ ದೇಣಿಗೆ ಕೊಡುವವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

ಆದರೆ ಅದೇ ಹಳ್ಳಿಗಳಲ್ಲಿ ಖಿನ್ನತೆ, ಆತಂಕ, ಹಳೆಯ ಭಯ ಮರುಕಳಿಸುವ ಕಾಯಿಲೆ, ಇವೂ ಜಾಸ್ತಿಯಾಗಿದ್ದವು. ಮೂವತ್ತೊಂದು ತಿಂಗಳಾದ ಮೇಲೂ ಕಡಿಮೆಯಾಗಿರಲಿಲ್ಲ.

ಅಂದರೆ ಊರಿಗೆ ಒಳ್ಳೆಯದಾಯಿತು, ಊರಿನವರಿಗೆ ಕೆಟ್ಟದಾಯಿತು. ನಾನು ಇದನ್ನು ಮೊದಲ ಸಲ ಓದಿದಾಗ ಎರಡು ದಿನ ತಲೆ ಕೆಟ್ಟಿತ್ತು. ಸಮಾಜದ ಶಾಂತಿ ಅನ್ನುತ್ತೇವಲ್ಲ, ಅದರ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ. ರುವಾಂಡಾದಲ್ಲಿ ನರಮೇಧದ ವಿಚಾರಣೆಗೆ ಗಚಾಚಾ ಅಂತ ಊರ ಹುಲ್ಲಿನ ಮೇಲೆ ಕೂತು ನಡೆಸುತ್ತಿದ್ದ ಸುಮಾರು 12,000 ನ್ಯಾಯಪೀಠಗಳಿದ್ದವು. ಕರೆನ್ ಬ್ರೌನೇಯಸ್ ಅನ್ನುವವರು ಅಲ್ಲಿ 1,200 ಜನರ ಸರ್ವೇ ಮಾಡಿದರು. ಅಲ್ಲೂ ಸಾಕ್ಷಿ ಹೇಳಿದವರಲ್ಲೇ ಖಿನ್ನತೆ ಜಾಸ್ತಿ ಕಂಡಿತು.

ಹಾಗಾಗಿ ನಿಮ್ಮ ರೂಮ್‌ಮೇಟ್‌ಗೆ ಹೇಳಿ, ಅದು ಅಷ್ಟು ಸಲೀಸಲ್ಲ. ಬಾಯಿ ಬಿಡಿಸುವುದು ಸುಲಭ. ಆಮೇಲೆ ಆ ರಾತ್ರಿ ಅವನ ಪಕ್ಕ ಯಾರಿರುತ್ತಾರೆ?

ನೇರನುಡಿ

ಸುಬೇದಾರ್ ಸರ್, ತಪ್ಪಾಯಿತು. ಅಕ್ಕ, ಇನ್ನೊಂದು ಪ್ರಶ್ನೆ. ಹಾಗಾದರೆ ಸತ್ಯ ಹೇಳಿಸುವ ಆಯೋಗ ಅಂತ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ್ದರಲ್ಲ, ಅದೆಲ್ಲ ದಂಡವಾ?

ಸರ್ವೇ_ಅಕ್ಕ

ದಂಡ ಅನ್ನುವುದಿಲ್ಲ. ಆದರೆ ಒಂದು ಊರಿನ ಬೀಗದ ಕೀಲಿ ಇನ್ನೊಂದು ಊರಿಗೆ ಹೊಂದಬೇಕು ಅಂತ ಏನಿಲ್ಲ. ದಕ್ಷಿಣ ಆಫ್ರಿಕಾದ್ದನ್ನು ನೋಡಿ ಸಿಯೆರಾ ಲಿಯೋನ್‌ನಲ್ಲೂ ಆಯೋಗ ಮಾಡಿದರು. 2004ರಲ್ಲಿ ವರದಿ ಬಂತು. ಯುದ್ಧ ಯಾಕಾಯಿತು ಅನ್ನುವ ಭಾಗ ಚೆನ್ನಾಗಿದೆ. ಎಲ್ಲರೂ ವಜ್ರ ವಜ್ರ ಅನ್ನುತ್ತಿದ್ದಾಗ ಅದು ಭ್ರಷ್ಟಾಚಾರದ ಮೇಲೆ, ಊರ ಮುಖ್ಯಸ್ಥರ ದಬ್ಬಾಳಿಕೆಯ ಮೇಲೆ, ದಿಕ್ಕಿಲ್ಲದ ಹುಡುಗರ ಮೇಲೆ ಬೊಟ್ಟು ಮಾಡಿತು. ಮರಣದಂಡನೆ ತೆಗೆಯಿರಿ ಅಂದಿತ್ತು, 2021ರಲ್ಲಿ ತೆಗೆದರು.

ಆದರೆ ಆಯೋಗ ಮತ್ತು ವಿಶೇಷ ನ್ಯಾಯಾಲಯ ಒಂದೇ ಹೊತ್ತಿನಲ್ಲಿ ನಡೆದವು. ಎರಡರ ನಡುವೆ ಸುರಂಗ ಇದೆ, ಇಲ್ಲಿ ಹೇಳಿದ್ದು ಅಲ್ಲಿಗೆ ಹೋಗುತ್ತದೆ ಅಂತ ಜನ ಮಾತಾಡಿಕೊಂಡರು. ಮತ್ಯಾರು ಬಾಯಿ ಬಿಡುತ್ತಾರೆ?

ರೊಸಲಿಂಡ್ ಶಾ ಅನ್ನುವ ಮಾನವಶಾಸ್ತ್ರಜ್ಞೆ ಉತ್ತರದ ತೆಮ್ನೆ ಜನರ ನಡುವೆ ಇದ್ದು ಕೆಲಸ ಮಾಡಿದವರು. ಅವರು ಬರೆದಿರುವುದು ನನಗೆ ತುಂಬಾ ಹಿಡಿಸಿತು. ಅಲ್ಲಿನ ಎಷ್ಟೋ ಜನ ಯುದ್ಧವನ್ನು ಬಾಯಲ್ಲಿ ಎತ್ತಿದರೆ ಅದು ಮತ್ತೆ ಬರುತ್ತದೆ ಅಂತ ನಂಬುತ್ತಾರೆ. ಬಂದೂಕು ಹಿಡಿದಿದ್ದ ಮಕ್ಕಳು ಮನೆಗೆ ವಾಪಸ್ ಬಂದಾಗ ಏನು ಮಾಡಿದೆ ಅಂತ ಎಲ್ಲರೆದುರು ಕೇಳುತ್ತಿರಲಿಲ್ಲ. ಪ್ರಾರ್ಥನೆ ಮಾಡಿ, ನೀರು ಚಿಮುಕಿಸಿ ಅವರ 'ಹೃದಯ ತಣ್ಣಗೆ' ಮಾಡುತ್ತಿದ್ದರು. ಅವರ ಮಾತು ಅದೇ, ತಣ್ಣಗಿನ ಹೃದಯ. ಎದೆ ತಣ್ಣಗಾದರೆ ಅವನು ಮತ್ತೆ ಮನುಷ್ಯರ ಜೊತೆ ಇರಬಲ್ಲ. ನಮ್ಮ ಅಜ್ಜಿಯರು 'ನಿನ್ನ ಹೊಟ್ಟೆ ತಣ್ಣಗಿರಲಿ' ಅನ್ನುತ್ತಾರಲ್ವಾ, ನನಗೆ ತಕ್ಷಣ ಅದೇ ನೆನಪಾಯಿತು.

ಲೆಕ್ಕದ ಹುಡುಗ, ನಿಮ್ಮ ಆಂಟಿಯ ಮೊದಲ ತಟ್ಟೆ ನನಗೆ ಹಾಗೇ ಕಾಣಿಸುತ್ತಿದೆ. ಅವರಿಗೆ ಗೊತ್ತಿಲ್ಲ ಅಂತ ಅಂದುಕೊಳ್ಳಬೇಡಿ.

ತೊಗರಿ_ವ್ಯಾಪಾರಿ

ಅಕ್ಕಾರ ಮಾತಿಗೆ ನನ್ನದೊಂದು ಅಡ್ಡಮಾತು. ನಾನು ಕಲಬುರಗಿಯವನು. ತೊಗರಿ ಖರೀದಿಗೆ ಮೊಜಾಂಬಿಕ್‌ಗೆ ಹೋಗಿ ಬಂದು ಮಾಡುತ್ತೇನೆ. 2016ರಲ್ಲಿ ಎರಡು ಸರ್ಕಾರಗಳ ನಡುವೆ ತೊಗರಿ ಒಪ್ಪಂದ ಆಯಿತು. ಹಂಗಾಗಿ ಬೈರಾ, ನಕಾಲಾ ಬಂದರು ನನಗೆ ನಮ್ಮ ಗಂಜ್ ಇದ್ದ ಹಾಗೆ.

ಅಲ್ಲಿ 1992ರಲ್ಲಿ ರೋಮ್‌ನಾಗ ಒಪ್ಪಂದ ಆಯಿತು. ಹದಿನೈದು ವರ್ಷದ ಯುದ್ಧ ಮುಗಿಯಿತು. ಎಲ್ಲರಿಗೂ ಮಾಫಿ. ಆಯೋಗ ಇಲ್ಲ, ವಿಚಾರಣೆ ಇಲ್ಲ. ಎಲ್ಲರೂ ಸುಮ್ಮನಾದರು. ಜಗತ್ತೆಲ್ಲ ಮೊಜಾಂಬಿಕ್ ನೋಡಿ ಕಲೀರಿ ಅಂದಿತು. 2013ರಲ್ಲಿ ಆ ಯುದ್ಧದ ಬಂಡುಕೋರ ಪಕ್ಷ ರೆನಾಮೋ ಮತ್ತೆ ಕಾಡು ಸೇರಿತು. ಲಾರಿ ಹೋಗಬೇಕಾದರೆ ಮಿಲಿಟರಿ ಬೆಂಗಾವಲು ಬೇಕಿತ್ತು. ಮತ್ತೆ ಶಾಂತಿ ಒಪ್ಪಂದ ಅಂತ ಆಗಿದ್ದು 2019ರಲ್ಲಿ.

ಸುಮ್ಮನಿದ್ದರೂ ಅದು ಸುಮ್ಮನಿರುವುದಿಲ್ಲ ನೋಡ್ರಿ. ಗೊರೊಂಗೋಸಾ ಕಡೆ 'ಗಾಂಬಾ' ಅಂತ ಒಂದು ದೆವ್ವ. ಯುದ್ಧದಲ್ಲಿ ಸತ್ತ ಸಿಪಾಯಿ ಬಂದು ಬದುಕಿದವರ ಮೈಮೇಲೆ ಕೂರುತ್ತಾನಂತೆ. ನನ್ನನ್ನು ಕೊಂದವರು ಯಾರು, ನನಗೇನು ಕೊಡುತ್ತೀರಿ ಅಂತ ಕೇಳುತ್ತಾನಂತೆ. ಆಗ ಎರಡೂ ಮನೆಯವರು ನಾಟಿ ವೈದ್ಯರ ಮುಂದೆ ಕೂತು ಮಾತಾಡಲೇಬೇಕು. ವಿಕ್ಟರ್ ಇಗ್ರೇಜಾ ಅನ್ನುವವರು ಇದರ ಮೇಲೇ ಸಂಶೋಧನೆ ಮಾಡಿದ್ದಾರೆ. ಮನುಷ್ಯರು ಬಾಯಿ ಮುಚ್ಚಿಕೊಂಡದ್ದಕ್ಕೆ ದೆವ್ವ ಬಾಯಿ ಬಿಟ್ಟಿತು.

ಕೇಳಬ್ಯಾಡ ಅಂತ ಹೇಳುವುದು ಸರಿ. ಆದರೆ ಸುಮ್ಮನಿರುವುದೇ ಔಷಧ ಅಂತ ಹೇಳಬ್ಯಾಡ್ರಿ.

ಸರ್ವೇ_ಅಕ್ಕ

ಒಪ್ಪಿದೆ ಅಣ್ಣ. ಒಂದು ವ್ಯತ್ಯಾಸ ಮಾತ್ರ. ರೆನಾಮೋ ಕಾಡಿಗೆ ಹೋದದ್ದು ಹಳೆಯ ನೋವಿಗಿಂತ ಅಧಿಕಾರದ ಪಾಲಿಗೆ. ಆ ಎರಡನ್ನೂ ಒಂದೇ ಗಂಟು ಮಾಡಬಾರದು. ಗಾಂಬಾ ವಿಷಯದಲ್ಲಿ ನಿಮ್ಮದೇ ಸರಿ. ಅಲ್ಲಿ ಯಾವಾಗ ಮಾತಾಡಬೇಕು ಅಂತ ನಿರ್ಧಾರ ಮಾಡಿದವರು ಆ ಮನೆಯವರೇ, ಹೊರಗಿನಿಂದ ಬಂದವರಲ್ಲ.

ಲೆಕ್ಕದ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಇತ್ತ ಬರಲಿಲ್ಲ. ಕಾರಣ ಇದೆ, ಹೇಳುತ್ತೇನೆ.

ನಿಮ್ಮ ಮಾತು ಓದಿದ ಮೇಲೆ ಮೆಕ್ಯಾನಿಕ್‌ನನ್ನು ಏನೂ ಕೇಳಬಾರದು ಅಂತ ಗಟ್ಟಿ ಮಾಡಿಕೊಂಡೆ. ಆದರೆ ಕುತೂಹಲ ಬಿಡಬೇಕಲ್ಲ. ಶನಿವಾರ ಶಾಂತಿ ಮ್ಯೂಸಿಯಂಗೆ ಹೋದೆ. ಅದೇ ವಿಶೇಷ ನ್ಯಾಯಾಲಯ ಇದ್ದ ಆವರಣದಲ್ಲೇ ಇದೆ. ಬಾಗಿಲಲ್ಲಿ ನಾನೊಬ್ಬನೇ. ಅಲ್ಲಿ ತೆಗೆದ ಫೋಟೋಗಳನ್ನು ಅಡುಗೆಮನೆಯಲ್ಲಿ ಕೂತು ನೋಡುತ್ತಿದ್ದೆ. ಆಂಟಿ ಹಿಂದಿನಿಂದ ಬಗ್ಗಿ ನೋಡಿದರು.

ಇದೆಲ್ಲಿ ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸೊಪ್ಪು ಕುಟ್ಟಿದರು. ಆಮೇಲೆ ಕುಟ್ಟುವುದನ್ನು ನಿಲ್ಲಿಸದೆಯೇ ಕೇಳಿದರು: ಅಲ್ಲಿ ನನ್ನ ತಮ್ಮನ ಹೆಸರು ಇದೆಯಾ?

ನಾನು ಗೊತ್ತಿಲ್ಲ ಅಂದು ಬಿಡಬಹುದಿತ್ತು. ಬಿಡಲಿಲ್ಲ. ಆಯೋಗದ ವರದಿಯಲ್ಲಿ ನೋವು ಉಂಡವರ ಹೆಸರುಗಳದ್ದೇ ಒಂದು ಅಧ್ಯಾಯ ಇದೆ. ರಾತ್ರಿ ಇಳಿಸಿಕೊಂಡೆ. ಪುಟದ ಮೇಲೆ ಪುಟ ಹೆಸರು. ಲೆಡ್ಜರ್ ನೋಡಿ ಅಭ್ಯಾಸ ಇರುವ ನನಗೇ ಕಣ್ಣು ಕತ್ತಲೆ ಬಂತು. ನಾವು ಬರೆಯುವ ಲೆಡ್ಜರ್‌ನಲ್ಲಿ ಕೊನೆಗೆ ಒಂದು ಮೊತ್ತ ಇರುತ್ತದೆ.

ಆಂಟಿಯ ತಮ್ಮನ ಹೆಸರು ಇತ್ತು. ತೊಂದರೆ ಏನೆಂದರೆ ಆ ಹೆಸರಿನವರು ಒಬ್ಬರಲ್ಲ, ಹಲವರು. ಇಲ್ಲಿ ಹೆಸರುಗಳು ಹಾಗೆ, ನಮ್ಮಲ್ಲಿ ಮಂಜುನಾಥ ಇದ್ದ ಹಾಗೆ. ಯಾರು ಇವರ ತಮ್ಮ ಅಂತ ಹೇಳುವುದು ಹೇಗೆ? ಬೆಳಿಗ್ಗೆ ಹಾಗೇ ಹೇಳಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಪ್ರಿಂಟ್ ಮಾಡಿಕೊಡು ಅಂದರು. ಬಿಲ್ಲು ತೆಗೆಯುವ ಪ್ರಿಂಟರ್‌ನಲ್ಲಿ ಆ ಪುಟ ತೆಗೆದುಕೊಟ್ಟೆ. ನಾಲ್ಕು ಮಡಿಕೆ ಮಾಡಿ ಸೊಂಟದ ಬಟ್ಟೆಯ ಗಂಟಿನಲ್ಲಿ ಕಟ್ಟಿಕೊಂಡರು. ನನ್ನ ತಲೆ ಸವರಿದರು. ನನಗೆ ಒಳ್ಳೆ ಕೆಲಸ ಮಾಡಿದೆ ಅಂತ ಎದೆ ಉಬ್ಬಿತ್ತು, ಸುಳ್ಳು ಹೇಳುವುದಿಲ್ಲ.

ಮಾರನೇ ದಿನ ಆಂಟಿ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಫೋನ್ ತೆಗೆಯಲಿಲ್ಲ. ಮೂರು ವರ್ಷದಲ್ಲಿ ಮಲೇರಿಯಾ ಬಂದಾಗಲೂ ಅವರು ಹೇಳಿ ಕಳಿಸದೆ ತಪ್ಪಿಸಿಕೊಂಡಿರಲಿಲ್ಲ. ಸರ್ವೇ ಅಕ್ಕ, ನಿಮ್ಮ ಮೂವತ್ತೊಂದು ತಿಂಗಳು ತಲೆಯಲ್ಲಿ ಸುತ್ತುತ್ತಿತ್ತು.

ಎರಡು ದಿನ ಅಡುಗೆ ಮಾಡಿದ್ದು ಮೆಕ್ಯಾನಿಕ್. ಗ್ರೀಸ್ ಕೈ ಸೋಪಿನಲ್ಲಿ ಉಜ್ಜಿ ತೊಳೆದು ಅನ್ನಕ್ಕಿಟ್ಟ. ಎರಡನೇ ದಿನ ಸಂಜೆ, ಅಂಗಡಿ ಬಾಗಿಲು ಹಾಕುವ ಹೊತ್ತು, ನನ್ನ ಮೇಜಿನ ಹತ್ತಿರ ಬಂದು ನಿಂತ. ಅವರಿಗೆ ಏನು ಕಾಗದ ಕೊಟ್ಟೆ ಅಂದ. ಹೇಳಿದೆ. ಪ್ರಿಂಟರ್ ಕಡೆ ನೋಡುತ್ತಾ ನಿಂತ.

ಆ ಕಾಗದದಲ್ಲಿ ಮಾಡಿದವರ ಹೆಸರೂ ಇರುತ್ತದಾ, ಅಂದ.

ಇಲ್ಲ, ಅನುಭವಿಸಿದವರದ್ದು ಮಾತ್ರ, ಅಂದೆ.

ತಲೆ ಆಡಿಸಿದ. ಶಟರ್ ಎಳೆದ. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದ, ದಿನವೂ ನೋಡುವ ಹಾಗೆ. ಹೋದ.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ, ನನ್ನ ಕೆಲಸ ಅದೇ ಆದ್ದರಿಂದ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರು, ವಿಧವೆಯರು, ಅತ್ಯಾಚಾರಕ್ಕೆ ಸಿಕ್ಕವರು, ಹೀಗೆ ಸುಮಾರು 32,000 ಜನ ಪರಿಹಾರಕ್ಕೆ ಹೆಸರು ಬರೆಸಿದ್ದರು. ಮೊದಲ ಕಂತು ಅಂತ ಕೊಟ್ಟಿದ್ದು 3 ಲಕ್ಷ ಲಿಯೋನ್. ಆಗ ಅದು ಸುಮಾರು 100 ಡಾಲರ್ ಆಗುತ್ತಿತ್ತು. 2022ರಲ್ಲಿ ಇಲ್ಲಿನ ನೋಟಿನಿಂದ ಮೂರು ಸೊನ್ನೆ ತೆಗೆದರು. ಆ 3 ಲಕ್ಷ ಈಗ 300. ನಮ್ಮ ಅಂಗಡಿಯಲ್ಲಿ ಅಷ್ಟಕ್ಕೆ ಒಂದು ಒಳ್ಳೆ ಚೈನ್ ಸೆಟ್ ಕೂಡ ಬರುವುದಿಲ್ಲ.

ನಿವೃತ್ತ_ಸುಬೇದಾರ್

ಆಂಟಿ ಬಂದರಾ?

ಸರ್ವೇ_ಅಕ್ಕ

ನಿಮ್ಮದು ತಪ್ಪು ಅಂತ ಅಂದುಕೊಳ್ಳಬೇಡಿ. ಅವರೇ ಕೇಳಿದರು, ನೀವು ಕೊಟ್ಟಿರಿ. ಅವರ ಮನೆ ಗೊತ್ತಿದ್ದರೆ ಯಾರಾದರೂ ಹೆಂಗಸರನ್ನು ಕಳಿಸಿ ನೋಡಿ. ನೀವು ಹೋಗಬೇಡಿ.

ಇದು ಸಮಾಧಾನಕ್ಕೆ ಹೇಳುವುದಲ್ಲ, ನಿಮ್ಮ ಅಂಗಡಿಯ ವಿಷಯವೇ. ಕ್ರೈನ್ ಪೀಟರ್ಸ್ ಅನ್ನುವ ಸಂಶೋಧಕರು ಈ ಒಕಾಡಾ ಹುಡುಗರ ಬಗ್ಗೆ ಬರೆದಿದ್ದಾರೆ. ಯುದ್ಧ ಮುಗಿದ ಮೇಲೆ ಬೊ, ಮಕೇನಿ, ಕೆನೆಮಾದಂಥ ಊರುಗಳಲ್ಲಿ ಒಬ್ಬರಿಗೊಬ್ಬರು ಗುಂಡು ಹೊಡೆದುಕೊಂಡಿದ್ದ ಬಣಗಳ ಹುಡುಗರೇ ಸೇರಿ ಬೈಕ್ ಸವಾರರ ಸಂಘ ಕಟ್ಟಿಕೊಂಡರು. ಹಂಫ್ರೀಸ್ ಮತ್ತು ವೈನ್‌ಸ್ಟೈನ್ ಅನ್ನುವ ಇಬ್ಬರು 1,043 ಮಾಜಿ ಹೋರಾಟಗಾರರನ್ನು ಮಾತಾಡಿಸಿದ್ದರು. ದೊಡ್ಡ ದುಡ್ಡಿನ ಪುನರ್ವಸತಿ ಕಾರ್ಯಕ್ರಮಕ್ಕೆ ಹೋದವರು ಹೋಗದವರಿಗಿಂತ ಚೆನ್ನಾಗಿ ಊರು ಸೇರಿದರು ಅನ್ನುವುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಆ ಹುಡುಗರನ್ನು ದಿನ ಬೆಳಗಾದರೆ ಊರ ಜನರ ಹತ್ತಿರ ಕರೆದುಕೊಂಡು ಹೋದದ್ದು ಬೈಕಿನ ಬಾಡಿಗೆ.

ಲೆಕ್ಕದ_ಹುಡುಗ

ಆಂಟಿ ಬಂದರು, ಮೂರನೇ ದಿನ. ಕಣ್ಣು ಊದಿಕೊಂಡಿತ್ತು. 'ಹೌ ಡಿ ಬಾಡಿ' ಅಂದೆ. ಇಲ್ಲಿ ಹೇಗಿದ್ದೀರಿ ಅಂತ ಕೇಳುವುದು ಹಾಗೇ, ಮೈ ಹೇಗಿದೆ ಅಂತ. ದೇವರಿಗೆ ಥ್ಯಾಂಕ್ಸ್ ಹೇಳು ಅಂದರು, ಎಲ್ಲರೂ ಹೇಳುವ ಹಾಗೆ.

ಕಾಗದದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಡುಗೆಮನೆಯ ಗೋಡೆಯಲ್ಲೂ ಇಲ್ಲ, ಸೊಂಟದಲ್ಲಿ ಇದೆಯೋ ಏನೋ.

ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಮೊದಲ ತಟ್ಟೆ ಮೆಕ್ಯಾನಿಕ್‌ಗೇ ಹೋಯಿತು. ಅವನು ಪೂರ್ತಿ ಉಂಡು ಇನ್ನೊಂದು ಸಲ ಹಾಕಿಸಿಕೊಂಡ. ನಾವೂ ಉಂಡೆವು.

ಸರಿ, ಬಂದರಿನಿಂದ ಮಾಲು ಬಂದಿದೆ. ಪೆಟ್ಟಿಗೆ ಎಣಿಸಬೇಕು. ಮೆಕ್ಯಾನಿಕ್ ಕೆಳಗಿನಿಂದ ಕೂಗುತ್ತಿದ್ದಾನೆ.